‘ನೀನೇ ಬರ್ಕೊಂಡುಬಿಡು’ ಅಂದರೆ ಏನು ಮಾಡಲಿ?

ಪ್ರಶ್ನೆ: ಅಮೆರಿಕದ ಐದು ವಿಶ್ವವಿದ್ಯಾಲಯಗಳಿಗೆ ಎಂ.ಎಸ್. ಅರ್ಜಿ ಹಾಕುತ್ತಿದ್ದೇನೆ. ಮೊದಲ ಗಡುವು ಡಿಸೆಂಬರ್ 15, ಇನ್ನು ಮೂರೇ ವಾರ. ಪ್ರಾಜೆಕ್ಟ್ ಗೈಡ್ ಹತ್ತಿರ ಶಿಫಾರಸು ಪತ್ರ ಕೇಳಿದರೆ, ‘ಟೈಮಿಲ್ಲ, ನೀನೇ ಬರ್ಕೊಂಡುಬಿಡು. ನನ್ನ ಹೆಸರಲ್ಲಿ ಒಂದು ಜಿಮೇಲ್ ಮಾಡಿ ಅಪ್‌ಲೋಡ್ ಮಾಡು’ ಅಂದರು. ಎಲ್ಲರೂ ಹೀಗೇ ಮಾಡೋದು ಅಂತಾರೆ ಸೀನಿಯರ್‌ಗಳು. ನನಗೆ ಮನಸ್ಸು ಒಪ್ಪುತ್ತಿಲ್ಲ, ಒಲ್ಲೆ ಅಂದರೆ ಗೈಡ್ ಸಿಟ್ಟಾಗುತ್ತಾರೇನೋ ಎಂಬ ಭಯ.

ಉತ್ತರ: ಆ ಜಿಮೇಲ್ ಖಾತೆ ತೆರೆಯಬೇಡಿ. ಅರ್ಜಿಯಲ್ಲಿರುವುದೆಲ್ಲ ನಿಜವೆಂದು ನೀವು ಸಹಿ ಹಾಕುತ್ತೀರಿ. ಸುಳ್ಳೆಂದು ತಿಳಿದರೆ ಓದು ಶುರುವಾದ ಮೇಲೂ ಸೀಟು ಹೋಗಬಹುದು. ತಿಳಿಯುವುದು ಕಷ್ಟವೂ ಅಲ್ಲ. ಕಾಲೇಜಿನ ಇಮೇಲ್ ಇಲ್ಲದ ಪ್ರಾಧ್ಯಾಪಕರೆಂದರೆ ಅನುಮಾನ ಹುಟ್ಟುತ್ತದೆ. ಪತ್ರ ಯಾವ ಐಪಿ ವಿಳಾಸದಿಂದ, ಅಂದರೆ ಯಾವ ಇಂಟರ್ನೆಟ್ ಸಂಪರ್ಕದಿಂದ ಬಂತೆಂಬುದು ಅರ್ಜಿ ಹಾಕುವ ಕೆಲವು ಪೋರ್ಟಲ್‌ಗಳಲ್ಲಿ ದಾಖಲಾಗುತ್ತದೆ. ಪತ್ರವೂ ನಿಮ್ಮ ಎಸ್‌ಒಪಿಯೂ (ಏಕೆ ಓದಬೇಕೆಂದು ನೀವೇ ಬರೆಯುವ ಪ್ರಬಂಧ) ಒಂದೇ ಶೈಲಿಯಲ್ಲಿದ್ದರೆ ಓದುವವರಿಗೆ ಗೊತ್ತಾಗಿಬಿಡುತ್ತದೆ.

ನಿಮ್ಮ ಗೈಡ್‌ಗೆ ಒಲ್ಲದ ಮನಸ್ಸಿದ್ದಂತಿಲ್ಲ, ಕೂತು ನೆನಪಿಸಿಕೊಂಡು ಬರೆಯುವಷ್ಟು ಪುರಸೊತ್ತಿಲ್ಲ, ಅಷ್ಟೆ. ಆ ಶ್ರಮ ನೀವು ಇಳಿಸಿಕೊಡಿ. ಒಂದೂವರೆ ಪುಟದ ಟಿಪ್ಪಣಿ ಸಿದ್ಧಪಡಿಸಿ: ಯಾವ ಸೆಮಿಸ್ಟರಿನಲ್ಲಿ ಅವರ ಯಾವ ವಿಷಯ ಓದಿದಿರಿ, ಅಂಕ ಎಷ್ಟು, ಪ್ರಾಜೆಕ್ಟಿನಲ್ಲಿ ತಂಡದ ಕೆಲಸ ಯಾವುದು, ನಿಮ್ಮದೇ ಕೆಲಸ ಯಾವುದು. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ವಿಶೇಷಣಗಳು ಬೇಡ. ‘ಸೆನ್ಸರ್ ರೀಡಿಂಗ್ ಏರುಪೇರಾಗುತ್ತಿತ್ತು, ಎಲ್ಲರೂ ಕೋಡ್ ತಿದ್ದುತ್ತಿದ್ದಾಗ ಆಸಿಲೋಸ್ಕೋಪ್ ಹಚ್ಚಿ ನೋಡಿ, ಗ್ರೌಂಡ್ ವೈರ್ ಸಡಿಲವಾಗಿದ್ದದ್ದನ್ನು ಹಿಡಿದೆ’ ಎಂಬಂಥ, ಅವರೂ ಕಂಡ ಒಂದೆರಡು ಸಂಗತಿ ಬರೆಯಿರಿ. ಜೊತೆಗೆ ರೆಸ್ಯೂಮೆ, ಎಸ್‌ಒಪಿ ಕರಡು, ಐದೂ ಗಡುವುಗಳ ಪಟ್ಟಿ. ನೀವು ಕೊಡುವುದು ಸಂಗತಿ, ತೀರ್ಪು ಅವರದು. ಪಾಠ ಮಾಡಿದ ವಿದ್ಯಾರ್ಥಿಗಳ ನಡುವೆ ನೀವು ಎಲ್ಲಿ ನಿಲ್ಲುತ್ತೀರಿ ಎಂದು ಅನೇಕ ಫಾರಂಗಳು ಕೇಳುತ್ತವೆ, ಅದಕ್ಕೆ ಉತ್ತರ ಅವರೊಬ್ಬರಲ್ಲೇ ಇದೆ.

ಫೋನ್ ಬೇಡ, ಎದುರಿಗೇ ಹೋಗಿ ಹೇಳಿ: ‘ಸರ್, ಜಿಮೇಲಿಂದ ಹೋದರೆ ಅರ್ಜಿಗೇ ತೊಂದರೆ. ವಿಷಯವೆಲ್ಲ ಇದರಲ್ಲಿದೆ. ನಿಮ್ಮ ಕಾಲೇಜ್ ಮೇಲ್‌ಗೆ ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಬರುತ್ತೆ, ಒಂದೇ ಪತ್ರ ಐದೂ ಕಡೆ ಸಾಕು.’ ಇದರಲ್ಲಿ ಸಿಟ್ಟಾಗುವಂಥದ್ದು ಏನೂ ಇಲ್ಲ.

ನಾಲ್ಕು ದಿನದಲ್ಲಿ ಒಪ್ಪದಿದ್ದರೆ ಬೇರೆಯವರನ್ನು ಕೇಳಿ. ನಿಮ್ಮ ಹೆಸರೇ ನೆನಪಿಲ್ಲದ ಎಚ್‌ಒಡಿಗಿಂತ, ನಿಮ್ಮ ಕೆಲಸ ಕಂಡ ಕಿರಿಯ ಅಧ್ಯಾಪಕಿಯ ಪತ್ರ ನನ್ನ ಮಟ್ಟಿಗೆ ಎಷ್ಟೋ ಮೇಲು. ಸಾಮಾನ್ಯವಾಗಿ ಕೇಳುವ ಮೂರು ಪತ್ರಗಳಲ್ಲಿ ಒಂದು ಇಂಟರ್ನ್‌ಶಿಪ್ ಮೇಲ್ವಿಚಾರಕರದ್ದಾದರೂ ಎಂ.ಎಸ್.ಗೆ ಸಾಮಾನ್ಯವಾಗಿ ನಡೆಯುತ್ತದೆ.

ಪೋರ್ಟಲಿನಲ್ಲಿ ಪತ್ರ ಬರೆಯುವವರ ಹೆಸರು ಈಗಲೇ ಸೇರಿಸಿ. ಹಲವು ಕಡೆ ಅರ್ಜಿ ಸಲ್ಲಿಸುವ ಮುಂಚೆಯೇ ಲಿಂಕ್ ಹೋಗುತ್ತದೆ. ಅದು ಸ್ಪ್ಯಾಮಿಗೆ ಬೀಳುವುದು ತೀರಾ ಮಾಮೂಲು, ಅದೇ ದಿನ ಕೇಳಿ ಖಚಿತಪಡಿಸಿಕೊಳ್ಳಿ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಯೂ ಬರುತ್ತದೆ, ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಡುವ ಅಮೆರಿಕದ 1974ರ ಕಾನೂನಿನಿಂದ ಬಂದದ್ದು. ಹೌದು ಎನ್ನಿ, ಅಭ್ಯರ್ಥಿ ನೋಡದ ಪತ್ರಕ್ಕೇ ತೂಕ. ನೀವೇ ಬರೆದ ಪತ್ರವಾಗಿದ್ದರೆ ಈ ಉತ್ತರವೂ ಸುಳ್ಳಾಗುತ್ತಿತ್ತು.

ಗಡುವಿಗೆ ಒಂದು ವಾರ ಇರುವಾಗ ಒಮ್ಮೆ, ಎರಡು ದಿನ ಇರುವಾಗ ಇನ್ನೊಮ್ಮೆ ನೆನಪಿಸಿ. ಆದರೂ ತಡವಾಗುವಂತಿದ್ದರೆ ನಿಮ್ಮ ಅರ್ಜಿ ತಡೆಹಿಡಿಯಬೇಡಿ. ನಿಮ್ಮ ಭಾಗ ಸಲ್ಲಿಸಿ, ಪತ್ರ ಎರಡು ಮೂರು ದಿನ ತಡವಾದರೆ ಸ್ವೀಕರಿಸುತ್ತೀರಾ ಎಂದು ವಿಭಾಗದ ಪ್ರವೇಶ ಕಚೇರಿಗೆ ಡಿಸೆಂಬರ್ 15ರೊಳಗೇ ಬರೆದು ಕೇಳಿ.