ಸಿ4ಗೆ ತಳ್ಳುವ ಆತುರ ಯಾಕೆ?

ಪ್ರಶ್ನೆ: ಚೆಸ್ ಟೂರ್ನಮೆಂಟ್‌ಗಳಲ್ಲಿ ಕಪ್ಪು ಕಾಯಿ ಬಂದರೆ ನಾನು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಓಪನಿಂಗ್ ಆಡುತ್ತೇನೆ, ಅಂದರೆ ಆಟದ ಆರಂಭದಲ್ಲೇ ಬಿಳಿ ಒಡ್ಡುವ ಕಾಲಾಳನ್ನು ಹೊಡೆಯದೆ ಬಿಡುವ ಕ್ರಮ. ಮೊನ್ನೆ ಸಿ5 ಮನೆಯಲ್ಲಿದ್ದ ಕಾಲಾಳನ್ನು ಒಂದು ಮನೆ ಮುಂದೆ, ಸಿ4ಗೆ ತಳ್ಳಿ, ರಾಣಿಯ ಬದಿಯಲ್ಲಿ ಚೆನ್ನಾಗಿಯೇ ಮುನ್ನುಗ್ಗಿದೆ. ಅಷ್ಟರಲ್ಲಿ ಎದುರಾಳಿ ನನ್ನ ರಾಜನ ಮೇಲೆ ಬಿದ್ದು ಗೆದ್ದ. ಇದು ಹಳೇ ಕಾಲದ ಓಪನಿಂಗ್, ಸುಮ್ನೆ ಬಿಟ್ಟುಬಿಡು ಅಂತಾರೆ ಗೆಳೆಯರು. ಬಿಡಲಾ?

ಉತ್ತರ: ಬಿಡಬೇಡಿ. ನಿಮ್ಮನ್ನು ಸೋಲಿಸಿದ್ದು ಓಪನಿಂಗ್ ಅಲ್ಲ, ಆ ಸಿ4.

ಕಾಲಾಳು ಸಿ5ರಲ್ಲಿ ಇರುವಷ್ಟು ಹೊತ್ತು ಡಿ4ರಲ್ಲಿರುವ ಬಿಳಿಯ ಕಾಲಾಳಿಗೆ ನೆಮ್ಮದಿ ಇರುವುದಿಲ್ಲ. ಸಿ4ಗೆ ಹೋದ ಮೇಲೆ ಆ ಕಾಟ ತಪ್ಪಿತು. ಡಿ4 ಗಟ್ಟಿಯಾದರೆ ಬಿಳಿಯ ಕುದುರೆ ಇ5ಕ್ಕೆ ಬಂದು ಕೂರುತ್ತದೆ, ಹಿಂದೆಯೇ ಅದಕ್ಕೆ ಆಸರೆಯಾಗಿ ಎಫ್4ಕ್ಕೆ ಕಾಲಾಳು ಬರುತ್ತದೆ. ಆಮೇಲೆ ಅದನ್ನು ಏಳಿಸುವುದು ಕಷ್ಟ.

1895ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಮೆಂಟ್‌ನಲ್ಲಿ ಅಮೆರಿಕದ ಪಿಲ್ಸ್‌ಬರಿ ವಿರುದ್ಧ ಕಪ್ಪು ಕಾಯಿ ಹಿಡಿದ ಜರ್ಮನಿಯ ಟರಾಶ್ ಆಡಿದ್ದೂ ಇದನ್ನೇ. ಟರಾಶ್ ಆಗಿನ ದೊಡ್ಡ ಆಟಗಾರರಲ್ಲೊಬ್ಬರು, ಪಿಲ್ಸ್‌ಬರಿಗೆ ಇನ್ನೂ 22 ವರ್ಷ. 11ನೇ ನಡೆಗೆ ಸಿ4 ಬಂತು. 13ಕ್ಕೆ ಕುದುರೆ ಇ5ರಲ್ಲಿ, 14ಕ್ಕೆ ಎಫ್4. ಟರಾಶ್ ನಿಮ್ಮ ಹಾಗೆಯೇ ರಾಣಿಯ ಬದಿಯಲ್ಲಿ ಓಡಿದರು, ಅಲ್ಲಿ ಒಂದು ಕಾಲಾಳನ್ನು ಗೆದ್ದರು ಕೂಡ. ಪಿಲ್ಸ್‌ಬರಿ ಆ ಕಡೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 42ನೇ ನಡೆಯಲ್ಲಿ ಕುದುರೆಯನ್ನು ಎಚ್6ಕ್ಕೆ ಹಾಕಿ ಬಲಿ ಕೊಟ್ಟರು. ಕಪ್ಪು ರಾಜ ಅದನ್ನು ಹೊಡೆದುಕೊಂಡು ಬಯಲಿಗೆ ಬಂದ. ಈಗ ಚೆಕ್ ಮೇಲೆ ಚೆಕ್ ಕೊಡಬೇಕು ಅನಿಸುತ್ತದೆ ಅಲ್ವಾ? 45ನೇ ನಡೆಯಲ್ಲಿ ಅವರು ತಮ್ಮ ರಾಜನನ್ನು ಎಚ್1ಕ್ಕೆ ಸರಿಸಿದರು, ಅಷ್ಟೇ! ಜಿ1 ಖಾಲಿಯಾಯಿತು, ಆನೆ ಅಲ್ಲಿಗೆ ಬಂತು. ಟರಾಶ್ ರಾಣಿಯನ್ನು ಬಿಟ್ಟುಕೊಡಬೇಕಾಯಿತು. 52ನೇ ನಡೆಗೆ ಚೆಕ್‌ಮೇಟ್. ಟೂರ್ನಮೆಂಟನ್ನೂ ಪಿಲ್ಸ್‌ಬರಿಯೇ ಗೆದ್ದರು. ಈ ಆಟವನ್ನು ಬೋರ್ಡ್ ಮೇಲೆ ಕಾಯಿ ಇಟ್ಟೇ ಆಡಿ ನೋಡಿ. ಪರದೆಯಲ್ಲಿ ಸರಸರ ಓಡಿಸಿದರೆ ಆ 45ನೇ ನಡೆಯ ರುಚಿ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಿ5ರ ಕಾಲಾಳನ್ನು ಅಲ್ಲೇ ಬಿಡಿ. ಕುದುರೆಯನ್ನು ಇ4ಕ್ಕೆ ಹಾರಿಸಿ ಒಂದೆರಡು ಕಾಯಿ ಬದಲಾಯಿಸಿಕೊಳ್ಳಿ, ಅಂದರೆ ಅವರದೊಂದು ಹೊಡೆದು ನಿಮ್ಮದೊಂದು ಕೊಡಿ. ಈ ಓಪನಿಂಗ್‌ನಲ್ಲಿ ಕಪ್ಪಿಗೆ ಜಾಗ ಕಡಿಮೆ, ಕಾಯಿ ಕಡಿಮೆಯಾದಷ್ಟೂ ಉಸಿರಾಡಬಹುದು. ಸಿ4 ಯಾವತ್ತೂ ತಪ್ಪು ಅಂತಲ್ಲ. ಇ5ಕ್ಕೆ ಬರುವ ಕುದುರೆಯನ್ನು ಅಟ್ಟುವ ದಾರಿ ಮೊದಲೇ ಕಂಡಿದ್ದರೆ ಧಾರಾಳವಾಗಿ ತಳ್ಳಿ.

ಇನ್ನು ಹಳೇ ಕಾಲದ್ದು ಅನ್ನುವ ಮಾತು. 1927ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾಪಾಬ್ಲಾಂಕಾ, ಅಲೆಖಿನ್ 34 ಆಟ ಆಡಿದರು. ಅದರಲ್ಲಿ 32 ಇದೇ ಓಪನಿಂಗ್. ಹಳೆಯದು ಹೌದು, ಆದರೆ ಇವತ್ತಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಇದನ್ನು ಬಿಟ್ಟಿಲ್ಲ.