ಸೂಜಿ ಬೆದಿ ನಂಬಬ್ಯಾಡ್ರಿ

ಕುಂದಗೋಳದ ತಮ್ಮಾ, ನಿನ್ನ ಮೆಸೇಜ್ ಓದಿ ನನ್ನ ಹಳೇ ದಡ್ಡತನ ನೆನಪಾತು. ಎಮ್ಮಿ ಈದು ಐದು ತಿಂಗಳಾದ್ರೂ ಬೆದಿಗೆ ಬರವಲ್ದು ಅಂತ ಈಸ್ಟ್ರೋಜನ್ (ಬೆದಿ ಲಕ್ಷಣ ತರೋ ಹಾರ್ಮೋನ್) ಸೂಜಿ ಮಾಡಿಸಿದಿ, ಮರುದಿನ ಲೋಳಿ ಕಂಡ ಕೂಡ್ಲೇ ಎ.ಐ. (ಕೃತಕ ಗರ್ಭಧಾರಣೆ) ಮಾಡಿಸಿದಿ. ಎರಡು ಸಲ ಆತು, ಗಬ್ಬ ನಿಂತಿಲ್ಲ. ಈಗ ಮೂರನೇದಕ್ಕ ಯಾವ ಕಂಪನಿ ಸೂಜಿ ಚಲೋ ಅಂತ ಕೇಳಾಕತ್ತಿ. ಕಂಪನಿ ಬಿಡು, ಆ ಸೂಜಿನೇ ಬಿಡು.

ನಾನೂ ನಮ್ಮ ಧಾರವಾಡಿ ಎಮ್ಮಿಗೆ ಹಿಂಗ ಮಾಡಿಸಿದ್ದೆ. ಬೈಕ್ ಮ್ಯಾಲೆ ಬಂದಾವ ಒಬ್ಬ ಚುಚ್ಚಿ ಹೋದ. ಮರುದಿನ ಮುಂಜಾನೆ ಎಮ್ಮಿ ಒದರೂದೇನು, ಗಳಿಗಿಗೊಮ್ಮೆ ಉಚ್ಚಿ ಹೊಯ್ಯೂದೇನು, ಹಿಂದ ಬಾತು ಕೆಂಪಗ ಆಗಿತ್ತು, ಬಾಲಕ್ಕ ಲೋಳಿ ಅಂಟಿತ್ತು. ಎ.ಐ. ಮಾಡಿಸಿದೆ. 21 ದಿನಕ್ಕ ತಿರುಗಿ ಬೆದಿಗೆ ಬರಲಿಲ್ಲ, ಗಬ್ಬ ನಿಂತು ಬಿಟ್ಟೈತಿ ಅಂತ ಮಂದಿಗೆ ಪೇಢಾ ಹಂಚಿದೆ! ಮೂರು ತಿಂಗಳ ಮ್ಯಾಲೆ ಡಾಕ್ಟರ್ ಕೈ ಹಾಕಿ ನೋಡಿ, ಚೀಲ ಖಾಲಿ ಐತ್ರಿ, ಅಂಡಾಶಯ ಎರಡೂ ನುಣ್ಣಗ ಅದಾವು ಅಂದ್ರು. ಬೆದಿ ಚಕ್ರನೇ ಶುರು ಆಗದ ಎಮ್ಮಿ 21 ದಿನಕ್ಕ ಎಲ್ಲಿಂದ ತಿರುಗಿ ಬರ್ತೈತಿ?

ಕವಿವಿಯೊಳಗ ಝೂಲಾಜಿ ಓದೋ ಮಗಳು ಆಮ್ಯಾಲೆ ತಿಳಿಸಿ ಹೇಳಿದ್ಳು. ಈಸ್ಟ್ರೋಜನ್ ಹಿಡಿಯೋ ರಿಸೆಪ್ಟರ್ ಬಾಳಷ್ಟು ಜೀವಕೋಶದ ನಡುವಿನ ಕೇಂದ್ರದಾಗ ಇರ್ತಾವು. ಅವು ಜೀನ್ ಎಬ್ಬಿಸಿ, ಪ್ರೋಟೀನ್ ಮಾಡಿಸಿ, ಕೆಲಸ ಕಾಣಾಕ ತಾಸುಗಟ್ಟಲೆ ಬೇಕು. ಒಂದಿಷ್ಟು ಮಾತ್ರ ಕೋಶದ ಹೊರಪೊರಿಗೆ ಅಂಟಿಕೊಂಡಿರ್ತಾವು. ಇವು ಜೀನಿನ ದಾರಿ ಕಾಯೂದಿಲ್ಲ. ರಕ್ತನಾಳದ ಒಳಪದರದಾಗ ನಿಮಿಷಗಳೊಳಗ ನೈಟ್ರಿಕ್ ಆಕ್ಸೈಡ್ ಹುಟ್ಟಿಸ್ತಾವು, ನಾಳ ಸಡಲ ಆಗಿ ರಕ್ತ ನುಗ್ತೈತಿ. ಇಲಿ ಗರ್ಭಕೋಶದಾಗ ಈಸ್ಟ್ರೋಜನ್ ಕೊಟ್ಟ ಒಂದೇ ನಿಮಿಷದೊಳಗ ಸೈಕ್ಲಿಕ್ ಎ.ಎಂ.ಪಿ. ಅನ್ನೋ, ಕೋಶದೊಳಗ ಸುದ್ದಿ ಮುಟ್ಟಿಸೋ ರಾಸಾಯನಿಕ ಏರೂದನ್ನ ವಿಜ್ಞಾನಿ ಕ್ಲಾರಾ ಝೆಗೋ ಮತ್ತ ಅವರ ಜೋಡಿ ಇದ್ದಾವ್ರು 1967ರಾಗೇ ತೋರಿಸ್ಯಾರಂತ. ಬಾವು, ಲೋಳಿ ಎಲ್ಲಾ ಈ ಎರಡೂ ದಾರಿಯಿಂದ ಬರೂದು. ಆದ್ರ ರಿಸೆಪ್ಟರ್‌ಗೆ ಈಸ್ಟ್ರೋಜನ್ ಬಾಟ್ಲಿದೋ ಅಂಡಾಶಯದಾಗ ತತ್ತಿ ಬೆಳೆಯೋ ಗುಳ್ಳಿದೋ ಗೊತ್ತಾಗೂದಿಲ್ಲ. ಬೆಳೆದ ಗುಳ್ಳಿನೇ ಇಲ್ಲಂದ್ರ ತತ್ತಿ ಎಲ್ಲಿಂದ ಬಿಡಬೇಕು?

ಮೊದಲ ಡಾಕ್ಟರ್ ಕಡೆ ಕೈ ಹಾಕಿಸಿ ನೋಡಿಸು. ಕಾರ್ಪಸ್ ಲೂಟಿಯಮ್ (ತತ್ತಿ ಬಿಟ್ಟ ಮ್ಯಾಲೆ ಅಂಡಾಶಯದಾಗ ಆಗೋ ಗಂಟು) ಇದ್ರ ಅದನ್ನ ಕರಗಿಸೋ ಪ್ರೊಸ್ಟಾಗ್ಲಾಂಡಿನ್ ಸೂಜಿ ಕೊಡ್ತಾರ, 2ರಿಂದ 5 ದಿನದಾಗ ಖರೇ ಬೆದಿ ಬರ್ತೈತಿ. ಗಬ್ಬ ಇಲ್ಲ ಅಂತ ಖಾತ್ರಿ ಆಗದ ಅದನ್ನ ಮುಟ್ಟಬ್ಯಾಡ, ಕಂದ ಹಾಕ್ತೈತಿ. ಅಂಡಾಶಯ ನುಣ್ಣಗಿದ್ರ ಜಂತದ ಔಷಧ, ಹಸಿ ಮೇವು, ದಿನಾ 50 ಗ್ರಾಂ ಖನಿಜ ಮಿಶ್ರಣ. ಅಗ್ರಿಮಿನ್ ಚಲೋನೇ, ಆದ್ರ ನನಗ ನಂದಿನಿದೇ ಸಾಕಾಗೈತಿ. ಒಂದು ವಾರ ತಿನಿಸಿ ಏನೂ ಆಗ್ಲಿಲ್ಲ ಅಂತ ಮತ್ತ ಇಲ್ಲಿ ಬಂದು ಬೈಬ್ಯಾಡ, ತಿಂಗಳುಗಟ್ಟಲೆ ಹಾಕಬೇಕು.

ಬ್ಯಾಸಗಿಯೊಳಗ ಎಮ್ಮಿ ಬೆದಿ ಮೂಕ ಇರ್ತೈತಿ, ಒದರೂದಿಲ್ಲ. ನಾನು ನಸುಕಿನ ನಾಲ್ಕಕ್ಕ ಬ್ಯಾಟ್ರಿ ಹಿಡ್ಕೊಂಡು, ಮಲಗಿದ ಎಮ್ಮಿ ಹಿಂದ ನೆಲಾ ನೋಡ್ತೀನಿ. ತತ್ತಿ ಬಿಳಿ ಹಂಗ ತಿಳಿ ಲೋಳಿ ಬಿದ್ದಿದ್ರ ಗ್ವಾದಲಿ ಗ್ವಾಡಿ ಮ್ಯಾಲೆ ಸೀಮೆಸುಣ್ಣದಿಂದ ತಾರೀಖು, ಟೈಮ್ ಬರೀತೀನಿ. ಮುಂಜಾನೆ ಕಂಡ್ರ ಸಂಜಿಕ, ಸಂಜಿಕ ಕಂಡ್ರ ಮರುದಿನ ಮುಂಜಾನೆ ಎ.ಐ. ಲೋಳಿ ಕೀವಿನಂಗ ಇದ್ರ ಮಾಡಿಸಲೇಬ್ಯಾಡ.

ಮತ್ತ ಎ.ಐ. ಮಾಡಾವ ಹೆಪ್ಪುಗಟ್ಟಿದ ವೀರ್ಯದ ಸ್ಟ್ರಾ (ಕಡ್ಡಿಯಂಥ ನಳಗಿ) ಬಗಲಾಗ ಇಟ್ಟು ಕರಗಿಸಿದ್ರ ಸುಮ್ನ ನಿಂತು ನೋಡಬ್ಯಾಡ. 37 ಡಿಗ್ರಿ ನೀರು, 30 ಸೆಕೆಂಡ್. ಥರ್ಮಾಮೀಟರ್ ಇಲ್ಲಂದ್ರ ನಿಂದೇ ಕೊಡು.