ದುಬೈಗೆ ಹೋಗುವಾಗ ವಿಮಾನದ ಭಯಕ್ಕೆ ಯಾವ ಮಾತ್ರೆ ತೆಗೆದುಕೊಳ್ಳಲಿ?

ಮಂಗಳೂರಿನಿಂದ ದುಬೈಗೆ ಕೆಲಸಕ್ಕೆ ಹೊರಟಿದ್ದೀರಿ, ಎಷ್ಟು ಮಿಲಿಗ್ರಾಂ ಮಾತ್ರೆ ನುಂಗಿದರೆ ಇಳಿಯುವವರೆಗೆ ನಿದ್ರೆ ಬರುತ್ತದೆ ಎಂದು ಕೇಳಿದ್ದೀರಿ. ಇದನ್ನೇ ನಾನು ನಮ್ಮ ಚಿಕ್ಕಪ್ಪನನ್ನು ಕೇಳಿದ್ದೆ. ಅವರು ವೈದ್ಯರಲ್ಲ, ತಮಗೆ ಬರೆದುಕೊಟ್ಟಿದ್ದ, ಆತಂಕ ತಗ್ಗಿಸಿ ಮಂಪರು ತರುವ ಆಲ್ಪ್ರಜೋಲಮ್ ಮಾತ್ರೆಗಳಲ್ಲಿ ಎರಡನ್ನು ಕೊಟ್ಟರು.

ನಮ್ಮ ಮನೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ಕಡೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಗುಡ್ಡದ ಕೆಳಗೆ ಬಿದ್ದು 158 ಜನ ಸತ್ತರು. ಆ ಹೊಗೆ ಕಂಡ ಊರಿನವನಿಗೆ ವಿಮಾನದ ಭಯ ಏಕೆ ಎಂದು ಯಾರೂ ಕೇಳಬೇಕಾಗಿಲ್ಲ.

ನಾನು ಹೊರಟದ್ದು ಜುಲೈ ತಿಂಗಳ ಮಳೆಯಲ್ಲಿ. ಟಿಕೆಟ್‌ನಲ್ಲಿದ್ದ ಸಮಯಕ್ಕೆ ಒಂದು ಗಂಟೆ ಮೊದಲು ಒಂದು ಮಾತ್ರೆ ನುಂಗಿದೆ. ನಾವು ಹತ್ತಬೇಕಿದ್ದ ವಿಮಾನ ಮಳೆಯಿಂದಾಗಿ ಇಳಿಯಲಾಗದೆ ಬೆಂಗಳೂರಿಗೆ ಹೋಗಿತ್ತು. ಗಂಟೆಗಳು ಕಳೆದವು. ಮಾತ್ರೆಯ ಪರಿಣಾಮ ಮುಗಿದೇಹೋಯಿತು ಎಂಬ ಗಾಬರಿಯಲ್ಲಿ ಎರಡನೆಯದನ್ನೂ ನುಂಗಿದೆ. ಗೇಟಿನ ಬಳಿ ಕರೆದಾಗ ಕಾಲು ನಿಲ್ಲಲಿಲ್ಲ, ನಾಲಿಗೆ ತೊದಲಿತು. ಸಿಬ್ಬಂದಿ ನನ್ನನ್ನು ಹತ್ತಿಸಲಿಲ್ಲ. ಅವರು ಮಾಡಿದ್ದು ಸರಿ: ತುರ್ತು ಸಂದರ್ಭದಲ್ಲಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತೆ ವಿಮಾನವನ್ನು ರೂಪಿಸಿರುತ್ತಾರೆ, ಎಬ್ಬಿಸಿದರೂ ಏಳದವನು ತನ್ನ ಸಾಲಿನವರಿಗೂ ಅಡ್ಡಿ. ಕೆಲಸಕ್ಕೆ ಸೇರುವ ದಿನ ತಪ್ಪಿತು, ಆ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡರು. ಅಮ್ಮನ ಬಳೆ ಅಡವಿಟ್ಟು ಕಟ್ಟಿದ್ದ ಹಣ ಹೋಯಿತು.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ನಾನು ಮಾತ್ರೆಯನ್ನು ಗಡಿಯಾರ ನೋಡಿ ನುಂಗಿದೆ. ಅದು ದೇಹದಲ್ಲಿ ಹೇಗೆ ನಡೆಯುತ್ತದೆಂದು ತಿಳಿದುಕೊಳ್ಳಲಿಲ್ಲ. ಆಲ್ಪ್ರಜೋಲಮ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಒಂದೆರಡು ಗಂಟೆಗಳಲ್ಲಿ. ಅದರ ಅರ್ಧದಷ್ಟು ಕರಗಲು ಸಾಮಾನ್ಯವಾಗಿ 11 ಗಂಟೆ ಬೇಕು. ಅಂದರೆ ಮನಸ್ಸಿಗೆ ಮತ್ತೆ ಭಯವಾಗುತ್ತಿದೆ ಎಂದ ಮಾತ್ರಕ್ಕೆ ಮಾತ್ರೆ ಮುಗಿದಿದೆ ಎಂದಲ್ಲ. ಮೊದಲನೆಯದರ ಬಹುಪಾಲು ಒಳಗೇ ಇತ್ತು, ಎರಡನೆಯದು ಅದರ ಮೇಲೆ ಸೇರಿತು. ವಿಮಾನ ಸರಿಯಾದ ಹೊತ್ತಿಗೆ ಹೊರಟಿದ್ದರೂ ಅಷ್ಟೇ: ದುಬೈಗೆ ಹಾರಾಟ ಸುಮಾರು ನಾಲ್ಕು ಗಂಟೆ, ವಲಸೆ ಅಧಿಕಾರಿಯ ಮುಂದೆ ನಾನು ಮಂಪರಿನಲ್ಲೇ ನಿಂತಿರುತ್ತಿದ್ದೆ. ಇದರ ಜೊತೆ ಮದ್ಯ ಸೇವಿಸಿದರೆ ಉಸಿರಾಟವೇ ಕುಗ್ಗಬಹುದು. ಆ ಯೋಚನೆ ಇದ್ದರೆ ಈಗಲೇ ಬಿಡಿ.

ಮಾತ್ರೆ ಚೆನ್ನಾಗಿ ಕೆಲಸ ಮಾಡಿದರೂ ನಿಮಗೆ ಲಾಭವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಮಾನದ ಭಯವಿದ್ದ 28 ಮಹಿಳೆಯರನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ಹಾರಿಸಿದರು. ಮೊದಲ ಸಲ ಆಲ್ಪ್ರಜೋಲಮ್ ಪಡೆದವರ ಭಯ ಕಡಿಮೆಯಾಯಿತು. ಮಾತ್ರೆಯಿಲ್ಲದ ಎರಡನೆಯ ಹಾರಾಟದಲ್ಲಿ ಅವರ ಪೈಕಿ ತೀವ್ರ ಗಾಬರಿಗೆ ಒಳಗಾದವರು ಶೇ. 7ರಿಂದ ಶೇ. 71ಕ್ಕೆ ಏರಿದರು! ಎಚ್ಚರವಿದ್ದು ಭಯವನ್ನು ದಾಟಿದಾಗ ಮನಸ್ಸು ಕಲಿಯುತ್ತದೆ. ಮಂಪರಿನಲ್ಲಿ ಆ ಕಲಿಕೆ ಆಗುವುದಿಲ್ಲ. ಗಲ್ಫ್‌ನಲ್ಲಿ ದುಡಿಯುವವರು ವರ್ಷ ವರ್ಷ ಹಾರಲೇಬೇಕಲ್ಲ?

ಆಮೇಲೆ ನಾನು ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಹೋದೆ. ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಅಭ್ಯಾಸ ಮಾಡಿಸಿದರು. ಕೊನೆಗೆ ಮಂಗಳೂರಿನಿಂದ ಬೆಂಗಳೂರಿಗೆ, ರೆಕ್ಕೆಯ ಪಕ್ಕದ ಸೀಟಿನಲ್ಲಿ, ಯಾವ ಮಾತ್ರೆಯೂ ಇಲ್ಲದೆ ಹಾರಿದೆ. ಕೈ ಬೆವರಿತು, ಆದರೆ ಇಳಿಯುವ ಹೊತ್ತಿಗೆ ಕಿಟಕಿಯಾಚೆ ನೋಡುತ್ತಿದ್ದೆ.

ವೈದ್ಯರೇ ನಿಮಗೆಂದು ಮಾತ್ರೆ ಬರೆದರೆ ಬೇರೆ ಮಾತು. ಆಗಲೂ ಮೊದಲ ಸಲ ವಿಮಾನ ನಿಲ್ದಾಣದಲ್ಲಿ ನುಂಗಬೇಡಿ. ಅವರನ್ನು ಕೇಳಿ, ಮನೆಯಲ್ಲಿ ಒಂದು ಬಿಡುವಿನ ದಿನ ಪರೀಕ್ಷಿಸಿ. ಯುಎಇಯಲ್ಲಿ ಇಂಥ ಔಷಧಿಗಳ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ, ಅಲ್ಲಿನ ಸರ್ಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಯಾರದೋ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಇಳಿದರೆ ನನಗಾದದ್ದಕ್ಕಿಂತ ದೊಡ್ಡ ತೊಂದರೆ. ಹೊರಡಲು ಇನ್ನೂ ಸಮಯವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಇಂದೇ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.